ಕರ ಕಟ್ಟಿದರೂ ಕಪಾಟು ಖಾಲಿ

ಬೆಂಗಳೂರು: ಆಸ್ತಿ ತೆರಿಗೆಯ ರಸೀದಿಯನ್ನು ಬೀರುವಿನಲ್ಲಿಡುವ ಮುನ್ನ ಒಮ್ಮೆ ಓದಿ ನೋಡಿದರೆ, ಆರೋಗ್ಯ ಮತ್ತು ಭಿಕ್ಷುಕರ ಕರಗಳ ಸಾಲಿನಲ್ಲೇ ಗ್ರಂಥಾಲಯ ಕರವೂ ಕಾಣುತ್ತದೆ. ದರ ಶೇ. 6. ಅಂದರೆ 10,000 ರೂ. ತೆರಿಗೆ ಕಟ್ಟುವ ಮನೆಯವರು ಗ್ರಂಥಾಲಯಕ್ಕೆಂದೇ 600 ರೂ. ಕೊಡುತ್ತಾರೆ. ಹೀಗಿದ್ದೂ ಬಡಾವಣೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬರುವುದಿಲ್ಲವೇಕೆ?

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಗ್ರಂಥಾಲಯಗಳು ಸರ್ಕಾರದ ಅನುದಾನವನ್ನಷ್ಟೇ ನೆಚ್ಚಿಕೊಳ್ಳದಂತೆ ಕಾಯ್ದೆಯಲ್ಲೇ ಕರದ ವ್ಯವಸ್ಥೆ ಮಾಡಲಾಯಿತು. ನಗರಗಳಲ್ಲಿ ಸ್ಥಳೀಯ ಸಂಸ್ಥೆಯು ಕರ ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ತೊಡಕು ಇರುವುದು ಈ ಒಪ್ಪಿಸುವ ಹಂತದಲ್ಲೇ. ವಸೂಲಾದ ಹಣ ಪಾಲಿಕೆಯ ಇತರ ಖರ್ಚುಗಳ ನಡುವೆ ಉಳಿದುಬಿಡುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೀಗೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ರೂಪಾಯಿ ಮುಟ್ಟಿತ್ತು. ಅನುದಾನ ಕಡಿತದ ಆದೇಶ ಹೊರಬಿದ್ದರೆ ಪ್ರತಿಭಟಿಸಲಾದರೂ ಅವಕಾಶವಿರುತ್ತದೆ. ಇಲ್ಲಿ ಆದೇಶವೇ ಇಲ್ಲ, ಕಡಿತ ಮಾತ್ರ ಇದೆ.

ಹಣ ಕಡಿಮೆಯಾದಾಗ ಬಾಡಿಗೆ, ವಿದ್ಯುತ್ ಬಿಲ್ಲು, ಸಂಬಳವನ್ನು ನಿಲ್ಲಿಸಲಾಗದು. ಹೀಗಾಗಿ ಮೊದಲು ನಿಲ್ಲುವುದು ಪುಸ್ತಕ ಖರೀದಿ, ಆಮೇಲೆ ನಿಯತಕಾಲಿಕೆಗಳು. ನಿವೃತ್ತರಾದ ಸಿಬ್ಬಂದಿಯ ಜಾಗ ತುಂಬದಿದ್ದರೆ ಬಾಗಿಲು ತೆರೆದಿರುವ ಅವಧಿಯೂ ಕುಗ್ಗುತ್ತದೆ. ಇದರ ಬಿಸಿ ಹೆಚ್ಚು ತಟ್ಟುವುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಬಡ ವಿದ್ಯಾರ್ಥಿಗಳಿಗೆ. ಹಳೆಯ ಪಠ್ಯಕ್ರಮದ ಪುಸ್ತಕ ಅವರಿಗೆ ಇದ್ದೂ ಇಲ್ಲದಂತೆಯೇ. ಒಂದೇ ಕೋಣೆಯ ಮನೆಯವರಿಗಂತೂ ಗ್ರಂಥಾಲಯದ ಕುರ್ಚಿ, ಫ್ಯಾನೇ ದೊಡ್ಡ ಸೌಕರ್ಯ. 2020ರಲ್ಲಿ ಆರಂಭವಾದ ಡಿಜಿಟಲ್ ಗ್ರಂಥಾಲಯ ಉಪಯುಕ್ತವೇ ಆದರೂ ಅದು ಕುರ್ಚಿಯನ್ನು ಒದಗಿಸಲಾರದು.

ಪೆಟ್ಟು ಓದುಗರಿಗಷ್ಟೇ ಅಲ್ಲ. ಕನ್ನಡದಲ್ಲಿ ಬಹುತೇಕ ಪುಸ್ತಕಗಳು ಅಚ್ಚಾಗುವುದೇ ಐನೂರರಿಂದ ಸಾವಿರ ಪ್ರತಿ. ಏಕಗವಾಕ್ಷಿ ಯೋಜನೆಯಡಿ ಗ್ರಂಥಾಲಯ ಇಲಾಖೆ ಖರೀದಿಸುವ ಸುಮಾರು 300 ಪ್ರತಿಗಳ ಭರವಸೆಯ ಮೇಲೆ ಸಣ್ಣ ಪ್ರಕಾಶಕರು ಹೊಸ ಲೇಖಕರ ಕವನ ಸಂಕಲನವನ್ನೋ ವಿಮರ್ಶೆಯನ್ನೋ ಮುದ್ರಿಸುತ್ತಾರೆ. ಖರೀದಿ ತಡವಾದರೆ, ಖರೀದಿಸಿದ್ದಕ್ಕೂ ಹಣ ಬಾರದಿದ್ದರೆ ಮುಂದಿನ ಹಸ್ತಪ್ರತಿ ಪ್ರಕಾಶಕರ ಮೇಜಿನ ಮೇಲೇ ಉಳಿಯುತ್ತದೆ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸಮಪಾಲು ನೆರವಿಗೂ ರಾಜ್ಯ ತನ್ನ ಪಾಲನ್ನು ಹಾಕಬೇಕು. ಪಾಲು ಹಾಕದಿದ್ದರೆ ಕೇಂದ್ರದಿಂದ ಬರುವುದೂ ತಪ್ಪುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಆದರೆ ನಗರದ ಗ್ರಂಥಾಲಯಗಳು ಇಂದಿಗೂ ಕರವನ್ನೇ ಅವಲಂಬಿಸಿವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿವೆ. ವಸೂಲು ಮಾಡುವವರು ಐವರಾದರು. ಹಳೆಯ ಬಾಕಿ ಯಾರ ತಲೆಯ ಮೇಲೆ ಎಂಬುದನ್ನು ಕರ ಕಟ್ಟುವವರು ಈಗಲೇ ಕೇಳಬೇಕಾಗಿದೆ.