ಹೊಲಿಗೆ ಗಟ್ಟಿ, ಬಟ್ಟೆ ಹೇಗೆ?

ಹೊಟ್ಟೆಯ ಆಪರೇಷನ್ ಆದವರನ್ನು ನೋಡಲು ಬಂದ ನೆಂಟರು ಕೇಳುವ ಮೊದಲ ಪ್ರಶ್ನೆ, ‘ಹೊಲಿಗೆ ಬಿಚ್ಚಿದರಾ?’ ಎಂಬುದು. ಬಿಚ್ಚಿದರು ಎಂದರೆ ಎಲ್ಲರಿಗೂ ನಿರಾಳ. ಎಂಟು ಹತ್ತು ದಿನಕ್ಕೆ ಚರ್ಮದ ಹೊಲಿಗೆ ಬಿಚ್ಚುತ್ತಾರೆ, ತಿಂಗಳೊಳಗೆ ಗಾಯ ಒಣಗಿ ಬರೀ ಗೆರೆಯಾಗುತ್ತದೆ. ಅಷ್ಟರಲ್ಲಿ ಹಾಸನದ ಸುತ್ತ ಆಲೂಗೆಡ್ಡೆ ಅಗೆಯುವ ಕಾಲ ಬಂದರೆ, ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಕೀಳಿಸುವ ಸರದಿ ಬಂದರೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು ಬ್ಯಾರನ್ನಿಗೆ ಏರುವ ಹೊತ್ತಾದರೆ, ಹೊಳೆನರಸೀಪುರದ ಗದ್ದೆಬಯಲಿನಲ್ಲಿ ಕೊಯ್ಲು ಶುರುವಾದರೆ ಮನೆಯಲ್ಲಿ ಸುಮ್ಮನೆ ಕೂರುವವರು ಯಾರು? ಆರು ತಿಂಗಳೋ ವರ್ಷವೋ ಕಳೆದ ಮೇಲೆ ಒಂದು ದಿನ ಕೆಮ್ಮಿದಾಗ ಹಳೆಯ ಗಾಯದ ಮಗ್ಗುಲಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸಿಕೊಳ್ಳುತ್ತದೆ. ಮಲಗಿದರೆ ಮಾಯ, ಎದ್ದು ನಿಂತರೆ ಹಾಜರು. ಆಪರೇಷನ್ ಗಾಯದ ಹರ್ನಿಯಾ ಎಂದರೆ ಇದೇ.

ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದು ಮಾಡುವ ದೊಡ್ಡ ಆಪರೇಷನ್‌ಗಳ ನಂತರ ನೂರರಲ್ಲಿ ಸುಮಾರು 10ರಿಂದ 20 ಮಂದಿಗೆ ಇದು ಬರುತ್ತದೆ. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲೂ, ಸಿಸೇರಿಯನ್‌ಗೆ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಹಾಕುವ ಗಾಯದಲ್ಲೂ ಪ್ರಮಾಣ ಕಡಿಮೆ. ಉಬ್ಬು ಬಂದ ಕೂಡಲೇ ‘ಡಾಕ್ಟರು ಸರಿಯಾಗಿ ಹೊಲಿಯಲಿಲ್ಲ’ ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪಿನಲ್ಲಿ ಅರ್ಧ ಸತ್ಯ ಇರಲೂಬಹುದು. ಉಳಿದರ್ಧವನ್ನು ಯಾವ ದರ್ಜಿಯನ್ನು ಕೇಳಿದರೂ ಹೇಳುತ್ತಾನೆ: ದಾರ ಎಷ್ಟೇ ಗಟ್ಟಿಯಾಗಿರಲಿ, ಬಟ್ಟೆ ಸವೆದಿದ್ದರೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಮೊದಲು ಹೊಲಿಗೆಯ ಮಾತು. ಹೊಕ್ಕುಳಿನ ಎರಡೂ ಬದಿಗೆ ಪಕ್ಕೆಲುಬಿನಿಂದ ಕೆಳಹೊಟ್ಟೆಯವರೆಗೆ ಎರಡು ಪಟ್ಟಿಯಂಥ ಸ್ನಾಯುಗಳಿವೆ. ಅವುಗಳ ಆಚೀಚೆ ಮೂರು ಪದರದ ಸ್ನಾಯುಗಳು ಹೊಟ್ಟೆಯನ್ನು ನಡುಪಟ್ಟಿಯಂತೆ ಸುತ್ತಿಕೊಂಡಿವೆ. ಎರಡೂ ಕಡೆಯವು ನಟ್ಟನಡುವೆ ಒಂದು ಬಿಳಿಯ ನಾರಿನ ಗೆರೆಯಲ್ಲಿ ಬಂದು ಸೇರುತ್ತವೆ. ಸರ್ಜನ್ನರು ಸಾಮಾನ್ಯವಾಗಿ ಕೊಯ್ಯುವುದು ಈ ಗೆರೆಯನ್ನೇ. ಅಲ್ಲಿ ರಕ್ತ ಹರಿಯುವುದು ಕಡಿಮೆ. ಆದರೆ ಕೆಮ್ಮಿದಾಗ, ಮುಕ್ಕಿದಾಗ, ಮೂಟೆ ಎತ್ತಿದಾಗ ಎರಡು ಬದಿಯ ಸ್ನಾಯುಗಳೂ ಈ ಗೆರೆಯನ್ನೇ ಎಳೆಯುತ್ತವೆ. ನೆದರ್ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ 560 ರೋಗಿಗಳ ಮೇಲೆ ನಡೆದು, 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಹೊಲಿಗೆಯ ಮಹತ್ವವನ್ನು ಚೆನ್ನಾಗಿ ತೋರಿಸಿತು. ಒಂದು ಸೆಂಟಿಮೀಟರ್ ಅಂತರದ ದೊಡ್ಡ ಹೊಲಿಗೆ ಹಾಕಿದವರಲ್ಲಿ ವರ್ಷದೊಳಗೆ ಶೇ. 21 ಮಂದಿಗೆ ಹರ್ನಿಯಾ ಬಂದರೆ, ಅರ್ಧ ಸೆಂಟಿಮೀಟರ್‌ಗೆ ಒಂದರಂತೆ ಒತ್ತಾಗಿ ಸಣ್ಣ ಹೊಲಿಗೆ ಹಾಕಿದವರಲ್ಲಿ ಅದು ಶೇ. 13ಕ್ಕೆ ಇಳಿದಿತ್ತು. ಇಳಿಯಿತು, ನಿಲ್ಲಲಿಲ್ಲ! ಆ 13 ಮಂದಿಯ ಕಥೆ ಏನು?

ಇಲ್ಲಿ ಬಟ್ಟೆಯ ಪ್ರಶ್ನೆ ಏಳುತ್ತದೆ. ಹೊಟ್ಟೆ ಕೊಯ್ಯದೆ ಅದನ್ನು ನೋಡುವುದು ಹೇಗೆ?

ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮೆದುಳನ್ನು ಸಿ.ಟಿ. ಸ್ಕ್ಯಾನ್ ಮಾಡಲಾಯಿತು. ಯಂತ್ರ ರೂಪಿಸಿದವರು ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು. ಅದರ ಹಿಂದಿನ ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದವರು ಅಲನ್ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿ. 1979ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ವೈದ್ಯರಲ್ಲದ ಇಬ್ಬರಿಗೆ ವೈದ್ಯಕೀಯ ನೊಬೆಲ್ ಬಂದದ್ದನ್ನು, ‘ಮೆಡಿಕಲ್ ಸೀಟು ಸಿಗಲಿಲ್ಲ’ ಎಂದು ಕಂಗೆಟ್ಟ ಮಕ್ಕಳಿಗೆ ತಂದೆತಾಯಂದಿರು ಒಮ್ಮೆ ಹೇಳಬಹುದು. ಇರಲಿ. ಸಿ.ಟಿ. ಚಿತ್ರದ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಹೆಸರಿನ ಒಂದು ಅಂಕ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಒಳ್ಳೆಯ ಸ್ನಾಯುವಿಗೆ ಪ್ಲಸ್ 50ರ ಆಸುಪಾಸು. ಮೈನಸ್ 29ರಿಂದ ಪ್ಲಸ್ 150ರ ನಡುವಿನ ಚುಕ್ಕೆಗಳನ್ನೆಲ್ಲ ಸ್ನಾಯು ಎಂದು ಎಣಿಸುವಂತೆ ಕಂಪ್ಯೂಟರಿಗೆ ಹೇಳಿದರೆ ಅದು ಕ್ಷಣದಲ್ಲಿ ವಿಸ್ತೀರ್ಣ ಕೊಡುತ್ತದೆ. ಇಡೀ ದೇಹ ಅಳೆಯುವುದೂ ಬೇಡ. ಸೊಂಟದ ಮೂರನೆಯ ಬೆನ್ನುಮೂಳೆಯ ಮಟ್ಟದಲ್ಲಿ ತೆಗೆದ ಒಂದೇ ಒಂದು ಅಡ್ಡಚಿತ್ರ ಸಾಕು. ಅಲ್ಲಿನ ಸ್ನಾಯುವಿನ ವಿಸ್ತೀರ್ಣ ಇಡೀ ಮೈಯ ಸ್ನಾಯುವಿಗೆ ಬಹುಮಟ್ಟಿಗೆ ತಾಳೆಯಾಗುತ್ತದೆ.

ವಿಸ್ತೀರ್ಣ ಮಾತ್ರವಲ್ಲ, ಗುಣವೂ ತಿಳಿಯುತ್ತದೆ. ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಸೇರಿಕೊಂಡಿದ್ದರೆ ಸರಾಸರಿ ಅಂಕ ಇಳಿಯುತ್ತದೆ. ನೋಡಲು ದಪ್ಪ, ಒಳಗೆ ಸಡಿಲ. ನಡುಗೆರೆ ಅಗಲವಾಗಿ ಎರಡು ಪಟ್ಟಿಗಳು ದೂರ ಸರಿದಿವೆಯೇ, ಕರುಳಿನ ಸುತ್ತ ಎಷ್ಟು ಕೊಬ್ಬು ತುಂಬಿದೆ ಎಂಬುದೂ ಅದೇ ಚಿತ್ರದಲ್ಲಿ ಕಾಣುತ್ತದೆ.

ನಮ್ಮವರಿಗೆ ಇದು ಹೆಚ್ಚು ಮುಖ್ಯವಾಗಲು ಕಾರಣವಿದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೋ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2! ಹಾಸನಕ್ಕೆ ನೆರೆಯ ಮೈಸೂರಿನಲ್ಲಿ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗಲೂ ಇಂಥದೇ ಕಂಡಿತು. ಬ್ರಿಟನ್ನಿನ ಕೂಸುಗಳಿಗಿಂತ ತೂಕ ಕಡಿಮೆ, ತೋಳು ಸಣ್ಣ; ಬೆನ್ನಿನ ಮೇಲಿನ ಕೊಬ್ಬು ಮಾತ್ರ ಕಡಿಮೆಯಿಲ್ಲ. ಆದ್ದರಿಂದ ‘ನಮ್ಮಪ್ಪ ತೆಳ್ಳಗಿದ್ದಾರೆ, ಏನೂ ಆಗದು’ ಎಂಬ ಧೈರ್ಯಕ್ಕೆ ಬುಡವಿಲ್ಲ. ತಕ್ಕಡಿ ಹೇಳದ್ದನ್ನು ಸ್ಕ್ಯಾನ್ ಹೇಳಬಹುದು.

ಹೇಳಬಹುದು ಎಂದೆನೇ ಹೊರತು ಹೇಳಿಯೇಬಿಡುತ್ತದೆ ಎಂದಲ್ಲ. ಸ್ನಾಯು ಕಡಿಮೆಯಿದ್ದವರಿಗೆ ಹರ್ನಿಯಾ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿದರೆ, ಅಂಥ ನಂಟು ಕಾಣಲಿಲ್ಲ ಎಂದವೂ ಇವೆ. ಗಾಯಕ್ಕೆ ಸೋಂಕು ತಗಲುವುದು, ಬೊಜ್ಜು, ಬೀಡಿ ಸಿಗರೇಟು, ಬಿಡದ ಕೆಮ್ಮು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಇವುಗಳ ಅಪಾಯ ಹಳೆಯದು, ಸಾಬೀತಾದದ್ದು. ಸ್ನಾಯುವಿನ ಚಿತ್ರ ಇವುಗಳ ಜೊತೆಗೆ ಕೂಡಿಸಿ ನೋಡಬೇಕಾದ ಇನ್ನೊಂದು ಸುಳಿವು ಮಾತ್ರ. ಪಶ್ಚಿಮದವರ ಅಳತೆಗೋಲನ್ನು ಹಾಗೇ ತಂದು ಅರಕಲಗೂಡಿನ ರೈತನ ಮೇಲಿಟ್ಟರೆ ತಪ್ಪು ಲೆಕ್ಕವೂ ಬಂದೀತು.

ಇದಕ್ಕೆಂದೇ ಸ್ಕ್ಯಾನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ. ಹೊಟ್ಟೆಯ ಒಂದು ಸಿ.ಟಿ.ಗೆ ಎದೆಯ ಎಕ್ಸ್‌ರೇಗಿಂತ ಹಲವು ಹತ್ತು ಪಟ್ಟು ವಿಕಿರಣ ತಗಲುತ್ತದೆ, ದುಡ್ಡಿನ ಮಾತು ಬೇರೆ. ಆದರೆ ಗಡ್ಡೆ, ಕರುಳಿನ ತಡೆ ಮುಂತಾದವಕ್ಕೆ ಆಪರೇಷನ್‌ಗೆ ಮೊದಲೇ ಸಿ.ಟಿ. ಮಾಡಿಸಿರುತ್ತಾರಲ್ಲ? ಬೇಕಾದ ಮಾಹಿತಿ ಅದರಲ್ಲೇ ಇದೆ, ಯಾರೂ ಓದಿರುವುದಿಲ್ಲ ಅಷ್ಟೆ. ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೋ ಬೆಂಗಳೂರಿಗೋ ಹೋದಾಗ ಫಿಲ್ಮಿನ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಅಂಕಗಳಿರುವುದು ಅದರಲ್ಲಿ, ಫಿಲ್ಮನ್ನು ಅಳೆಯಲಾಗದು. ಹಳೆಯ ಫಿಲ್ಮನ್ನು ಗ್ರಹಣ ನೋಡಲು ಮಕ್ಕಳ ಕೈಗೆ ಕೊಡುವ ಮನೆಗಳಿವೆ (ಕಣ್ಣಿಗೆ ಅದು ಅಪಾಯ, ಕೊಡಬೇಡಿ). ಆಮೇಲೆ ಸರ್ಜನ್ನರನ್ನು ನೇರವಾಗಿ ಕೇಳಿ: ‘ಇವರ ಹೊಟ್ಟೆಯ ಸ್ನಾಯು ಹೇಗಿದೆ ಸಾರ್?’ ದುರ್ಬಲವೆಂದು ಕಂಡರೆ ಮೊದಲ ಆಪರೇಷನ್‌ನಲ್ಲೇ ಬಲೆ ಇಡುವ ಯೋಚನೆ ಮಾಡಬಹುದು, ತುರ್ತಿಲ್ಲದಿದ್ದರೆ ಕೆಲವು ವಾರ ಮುಂದೂಡಿ ರೋಗಿಯನ್ನು ಅಣಿಗೊಳಿಸಬಹುದು.

ಸ್ಕ್ಯಾನೇ ಇಲ್ಲದವರಿಗೆ ದರ್ಜಿಯ ಟೇಪು ಇದೆ. ಏಷ್ಯಾದವರಿಗೆಂದು 2019ರಲ್ಲಿ ತಜ್ಞರು ಪರಿಷ್ಕರಿಸಿದ ಸೂತ್ರದಂತೆ, ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸ್ನಾಯು ಸವೆದಿರುವ ಅನುಮಾನ ಪಡಬೇಕು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಹಿಡಿದರೂ ಹಾಗೆಯೇ. ಇದು ಹರ್ನಿಯಾ ಪರೀಕ್ಷೆಯಲ್ಲ, ಮೈಯ ಬಲದ ಅಂದಾಜು. ಪಿ.ಯು.ಸಿ. ಓದುವ ಮಗಳು ಅಜ್ಜಿಯನ್ನು ಕೂರಿಸಿಕೊಂಡು ಐದು ನಿಮಿಷದಲ್ಲಿ ಮಾಡಿ ಬರೆದಿಟ್ಟರೆ ಡಾಕ್ಟರಿಗೆ ತೋರಿಸಬಹುದು.

ಅಣಿಗೊಳಿಸುವುದು ಎಂದರೆ ಟಾನಿಕ್ಕಲ್ಲ. ಬೀಡಿಯನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡುವುದು, ದಿನಾ ನಡೆಯುವುದು, ಮುದ್ದೆಯ ಜೊತೆ ಬರೀ ಬಸ್ಸಾರಿನ ತಿಳಿಯಲ್ಲ, ಕಾಳು, ಮೊಟ್ಟೆ, ಮೊಸರು. ‘ಆಪರೇಷನ್ ಗಾಯ, ಕಾಳು ನಂಜು’ ಎಂದು ತಿಂಗಳುಗಟ್ಟಲೆ ಗಂಜಿಯಲ್ಲೇ ಇಡುವ ಪಥ್ಯ ಗಾಯಕ್ಕೆ ಬೇಕಾದ ಪ್ರೋಟೀನನ್ನೇ ತಪ್ಪಿಸುತ್ತದೆ. ಗಾಯಕ್ಕೆ ಮೂರು ವಾರದಲ್ಲಿ ಬರುವುದು ಮೊದಲಿನ ಬಲದ ಐದನೆಯ ಒಂದು ಪಾಲು. ತಿಂಗಳುಗಳು ಕಳೆದರೂ ಶೇ. 80ರ ಆಚೆ ಹೋಗುವುದು ಅಪರೂಪ. ಮೂಟೆಗೆ ಯಾವಾಗ ಹೆಗಲು ಕೊಡಬಹುದೆಂದು ಡಿಸ್ಚಾರ್ಜ್ ಚೀಟಿಯಲ್ಲಿ ವಾರದ ಲೆಕ್ಕದಲ್ಲಿ ಬರೆಸಿಕೊಳ್ಳಿ. ‘ಭಾರ ಎತ್ತಬೇಡಿ’ ಎಂಬ ಬಾಯಿಮಾತು ಕೊಯ್ಲಿನ ಮುಂದೆ ನಿಲ್ಲದು.

ಈಗಾಗಲೇ ಉಬ್ಬು ಇದ್ದವರು ಒಂದನ್ನು ನೆನಪಿಡಬೇಕು. ಒಳಗೆ ಹೋಗುತ್ತಿದ್ದ ಉಬ್ಬು ಹೋಗದೆ ಗಟ್ಟಿಯಾಗಿ, ನೋವು, ವಾಂತಿ, ಹೊಟ್ಟೆಯುಬ್ಬರ ಶುರುವಾದರೆ ಕರುಳು ಸಿಕ್ಕಿಕೊಂಡಿರಬಹುದು. ಎಣ್ಣೆ ಹಚ್ಚಿ ನೀವುತ್ತಾ ಬೆಳಗಿನ ಬಸ್ಸಿಗೆ ಕಾಯಬಾರದು. 108ಕ್ಕೆ ಫೋನು ಮಾಡಿ ಆ ರಾತ್ರಿಯೇ ಹೊರಡಬೇಕು.