ನೋಯುತ್ತಿರುವುದು ಯಾವ ಹಲ್ಲು?
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಪಾವಗಡದಲ್ಲಂತೂ ಇದು ಹಳೆಯ ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿಯುತ್ತಾ ಬಂದರೆ ಮುಂದೆ ಹುಟ್ಟುವ ಹಲ್ಲಿನ ಮೇಲೆ ಕಂದು ಕಲೆ ಕಾಣಿಸಬಹುದು. ಹಾಗಾಗಿ ಹಲ್ಲುನೋವು ಬಂದಾಗ ದೂರೆಲ್ಲ ಆ ಕಲೆಯ ಮೇಲೆ. ಆದರೆ ಸಹೋದರಿಯರೇ, ಕಲೆ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿನ ಮೂಲ ಹೆಚ್ಚಾಗಿ ಹುಳುಕು, ಬಿರುಕು ಅಥವಾ ವಸಡಿನ ಕೀವು. ಕೆಲವೊಮ್ಮೆ ಕೆಳಗಿನ ಹಲ್ಲು ಕೆಟ್ಟಿದ್ದರೆ ಮೇಲಿನದು ನೋಯುವಂತೆ ತೋರುತ್ತದೆ. ಸೈನಸ್ ಊದಿಕೊಂಡರೂ ಮೇಲ್ದವಡೆಯ ಹಲ್ಲುಗಳು ನೋಯುತ್ತವೆ. ಲವಂಗದ ಎಣ್ಣೆ ನೋವನ್ನು ತುಸು ಮರೆಸೀತು, ಮೂಲವನ್ನು ಕಳೆಯದು. "ಇದೇ ಹಲ್ಲು, ಕಿತ್ತುಬಿಡಿ" ಎನ್ನುವ ಮೊದಲು ದಂತವೈದ್ಯರು ತಟ್ಟಿ ನೋಡಲಿ, ಎಕ್ಸ್‌ರೇ ತೆಗೆಯಲಿ. ತಪ್ಪು ಹಲ್ಲು ಕಿತ್ತರೆ ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ.