ಪಟ್ಟಣಕ್ಕೆ ಬಂದ ಯಕ್ಷರು

ಯಕ್ಷ ಕಿನ್ನರರೆಂದೊಡನೆ ನಮ್ಮ ಮನಸ್ಸು ಕಾಡಿಗೋ ಬೆಟ್ಟದ ತುದಿಗೋ ಓಡುವುದು. ಪಾಶ್ಚಾತ್ಯರ ಕಥೆಗಳಲ್ಲಿಯೂ ಹಾಗೆಯೇ. ಅಲ್ಲಿಯ ಯಕ್ಷಜನ ಹಸುರು ದಿಬ್ಬಗಳ ಒಳಗೆ, ಹಳೆಯ ಮರಗಳ ಬುಡದಲ್ಲಿ ವಾಸಿಸತಕ್ಕವರು. ಅಂಥವರನ್ನು ವಿದ್ಯುದ್ದೀಪಗಳು ಉರಿಯುವ, ಮೋಟಾರುಗಳು ಹರಿದಾಡುವ ಪಟ್ಟಣಕ್ಕೆ ಕರೆತಂದರೆ ಅವರ ಮಹಿಮೆ ಉಳಿದೀತೆ? ಉಳಿಯುವುದೆಂದು ತೋರಿಸಿದ ಕಾದಂಬರಿಯೊಂದನ್ನು ಈ ಸಲ ವಾಚಕರಿಗೆ ಪರಿಚಯ ಮಾಡಿಕೊಡುತ್ತೇವೆ.

ಅದರ ಹೆಸರು ‘ವಾರ್ ಫಾರ್ ದಿ ಓಕ್ಸ್’. ಓಕ್ ಮರಗಳಿಗಾಗಿ ಯುದ್ಧವೆಂದು ಅರ್ಥ. ಬರೆದವರು ಅಮೆರಿಕದ ಎಮ್ಮಾ ಬುಲ್ ಎಂಬ ಮಹಿಳೆ. 1987ರಲ್ಲಿ ಹೊರಬಂದ ಇದು ಅವರ ಚೊಚ್ಚಲ ಕಾದಂಬರಿ. ಮರುವರ್ಷವೇ ಚೊಚ್ಚಲ ಕೃತಿಗೆ ಸಲ್ಲುವ ಲೋಕಸ್ ಪ್ರಶಸ್ತಿ ಇದಕ್ಕೆ ದೊರೆಯಿತು.

ಕಥೆ ನಡೆಯುವುದು ಮಿಸಿಸಿಪಿ ನದಿಯ ದಡದ ಮಿನಿಯಾಪೊಲಿಸ್ ನಗರದಲ್ಲಿ. ಎಡ್ಡಿ ಎಂಬ ತರುಣಿ ಗಿಟಾರು ನುಡಿಸಿ ಹಾಡಿ ಹೊಟ್ಟೆ ಹೊರೆಯುವವಳು. ವಾದ್ಯಮೇಳವನ್ನೂ ಅದರ ಯಜಮಾನನಾಗಿದ್ದ ಪ್ರಿಯನನ್ನೂ ತೊರೆದು ಬಂದ ರಾತ್ರಿ ಒಬ್ಬ ಅಪರಿಚಿತ ಅವಳ ಬೆನ್ನು ಹತ್ತುತ್ತಾನೆ. ಅವನು ಕ್ಷಣದಲ್ಲಿ ಮನುಷ್ಯ, ಕ್ಷಣದಲ್ಲಿ ನಾಯಿ! ಯಕ್ಷರ ಎರಡು ಆಸ್ಥಾನಗಳು ಆ ನಗರಕ್ಕಾಗಿ ಕಾದಲಿವೆ. ಅದಕ್ಕೆ ಎಡ್ಡಿ ಬೇಕು. ಏಕೆಂದರೆ ಅಮರರಿಗೆ ಸಾವಿಲ್ಲ. ಸಾವಿಲ್ಲದವರ ಯುದ್ಧದಲ್ಲಿ ಸೋಲುವವರೂ ಇಲ್ಲ. ರಣಭೂಮಿಯಲ್ಲಿ ಮರ್ತ್ಯರೊಬ್ಬರು ನಿಂತಿದ್ದರೆ ಮಾತ್ರ ಅವರ ಆಯುಧಗಳು ಪ್ರಾಣ ತೆಗೆಯಬಲ್ಲವು.

ಇಲ್ಲಿಯೇ ಈ ಗ್ರಂಥದ ಸತ್ವವಿರುವುದೆಂದು ನಮ್ಮ ಮತ. ದೊಡ್ಡವರ ಜಗಳಕ್ಕೆ ಬಡವರ ಮಕ್ಕಳನ್ನು ಎಳೆದೊಯ್ಯುವುದು ಲೋಕದಲ್ಲಿ ಹೊಸತೇನೂ ಅಲ್ಲ. ಎಡ್ಡಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅವಳನ್ನು ಕೊಂದರೆ ಸಾಕೆಂದು ಒಂದು ಪಕ್ಷ ಹೊಂಚುಹಾಕುತ್ತದೆ. ಯುದ್ಧದ ದಿನದವರೆಗೆ ಬದುಕಿದ್ದರೆ ಸಾಕೆಂದು ಇನ್ನೊಂದು ಪಕ್ಷ ಕಾವಲಿಡುತ್ತದೆ. ಕಾವಲಿಗೆ ನಿಂತವನು ಆ ನಾಯಿರೂಪಿಯೇ. ಮೊದಲು ಅವಳಿಗೆ ಕಿರುಕುಳವಾದವನು ಬರಬರುತ್ತ ಪ್ರೇಮಕ್ಕೆ ಪಾತ್ರನಾಗುವ ಬಗೆ ಬಹು ಸೊಗಸಾಗಿದೆ. ಇಷ್ಟರ ನಡುವೆಯೂ ಎಡ್ಡಿ ಹೊಸ ಮೇಳವನ್ನು ಕಟ್ಟುತ್ತಾಳೆ, ಅಭ್ಯಾಸ ನಡೆಸುತ್ತಾಳೆ. ಅನ್ನದ ವಿದ್ಯೆಯನ್ನು ಬಿಡಲಾದೀತೆ?

ಮೊದಲ ಕಾಳಗ ನಡೆಯುವುದು 53 ಅಡಿ ಎತ್ತರದಿಂದ ಧುಮುಕುವ ಮಿನ್ನೆಹಾಹಾ ಜಲಪಾತದ ಬಳಿ. ಅದು ಕಲ್ಪನೆಯಲ್ಲ, ನಗರದೊಳಗಿನ ಉದ್ಯಾನದಲ್ಲಿಯೇ ಇದೆ. ನಿಕೊಲೆಟ್ ಎಂಬ ಅಂಗಡಿಬೀದಿಯೂ ನಿಜವಾದುದೇ. ವಿಳಾಸ ಹಿಡಿದು ಹುಡುಕಬಹುದಾದ ಜಾಗದಲ್ಲಿ ಅದ್ಭುತ ಸಂಭವಿಸಿದಾಗ ಓದುವವರ ಮೈ ಜುಮ್ಮೆನ್ನುವ ಬಗೆಯೇ ಬೇರೆ. ಕೆನಡಾದ ಚಾರ್ಲ್ಸ್ ಡಿ ಲಿಂಟ್ 1984ರಲ್ಲಿಯೇ ‘ಮೂನ್‌ಹಾರ್ಟ್’ ಕಾದಂಬರಿಯಲ್ಲಿ ಒಟ್ಟಾವಾ ನಗರವನ್ನು ಹೀಗೆ ಬಳಸಿದ್ದುಂಟು. ಈ ಇಬ್ಬರ ತರುವಾಯ ನಗರದ ಅದ್ಭುತಕಥೆಯೆಂಬ ಪ್ರತ್ಯೇಕ ಪ್ರಕಾರವೇ ಬೆಳೆಯಿತು.

ದೋಷಗಳಿಲ್ಲವೆಂದಲ್ಲ. ಪಾತ್ರಗಳ ಉಡುಗೆತೊಡುಗೆಗಳ ವರ್ಣನೆ ಅತಿಯಾಗಿ, ಜವಳಿ ಅಂಗಡಿಯಲ್ಲಿ ಕುಳಿತಂತಾಗುವುದು. ಪ್ರಣಯದ ಪುಟಗಳಿರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡತಕ್ಕುದಲ್ಲ. ಬೆಳೆದವರು ಧಾರಾಳವಾಗಿ ಓದಬಹುದು.

ಕೊನೆಯ ತೀರ್ಮಾನ ಖಡ್ಗದಿಂದಲ್ಲ, ಸಂಗೀತದಿಂದ. ಒಂದೆಡೆ ಕತ್ತಲೆಯ ಆಸ್ಥಾನದ ರಾಣಿ, ಇನ್ನೊಂದೆಡೆ ಗಿಟಾರು ಹಿಡಿದ ಎಡ್ಡಿ. ಗೆದ್ದವರಾರೆಂಬುದನ್ನು ಮಾತ್ರ ನಾವು ಹೇಳಲೊಲ್ಲೆವು.